ಪಕ್ಕದ ಸೀಟಿನ ತೂಕ

ಮುರಿಗೆಪ್ಪನವರಿಗೆ ಹುಬ್ಬಳ್ಳಿಯಲ್ಲಿ ಸೀರೆ ಅಂಗಡಿ. ಆದರೆ ಅವರ ಜೀವವೆಲ್ಲ ಇದ್ದದ್ದು ತಮ್ಮ ಹಳೆಯ ಫಿಯೆಟ್ ಕಾರಿನ ಮೇಲೆ...

ಹಳೆಯ ಕಾರುಗಳ ರ್‍ಯಾಲಿಯೊಂದಕ್ಕೆ ಹೋಗಲೆಂದು ಅದನ್ನು ಚೊಕ್ಕ ರಿಪೇರಿ ಮಾಡಿಸಿದ್ದರು. ರ್‍ಯಾಲಿ ಮುಗಿದ ಮೇಲೆ ಅದರಲ್ಲೇ ಊರೆಲ್ಲ ಓಡಾಟ.

ಒಬ್ಬರೇ ಹೋದರೆ ಕಾರು ದಾರ ಹಿಡಿದಂತೆ ನೇರ. ಪಕ್ಕದಲ್ಲಿ ಹೆಂಡತಿ ಗಂಗವ್ವ ಕುಳಿತರೆ ಮಾತ್ರ ಎಡಕ್ಕೆ ಎಳೆಯುತ್ತಿತ್ತು.

ಒಮ್ಮೆ ಬೀಗರ ಮನೆಯಲ್ಲಿ ಮುರಿಗೆಪ್ಪ ಎಲ್ಲರೆದುರು ಅಂದರು: "ನನ್ನ ಗಾಡಿ ಬಂಗಾರದಂಥಾದ್ದು. ಇಕಿ ಕುಂತ್ರ ಮಾತ್ರ ಹಾದಿ ತಪ್ಪತೈತಿ ನೋಡ್ರಿ!"

ಎಲ್ಲರೂ ನಕ್ಕರು. ಗಂಗವ್ವನೂ ನಕ್ಕರು...

ಆಮೇಲೆ ಅವರು ಆ ಕಾರು ಹತ್ತಲಿಲ್ಲ. "ನೀವು ಮುಂದ ನಡೀರಿ, ನಂದಿನ್ನೂ ಕೆಲಸ ಐತಿ" ಅನ್ನುತ್ತಿದ್ದರು. ಮುರಿಗೆಪ್ಪ ಅದನ್ನು ಗಮನಿಸಲೂ ಇಲ್ಲ.

ಒಂದು ಮಧ್ಯಾಹ್ನ ಕೇಶ್ವಾಪುರದ ಸಿಗ್ನಲ್‌ನಲ್ಲಿ ಕಾರು ನಿಂತಿತ್ತು. ಎದುರಿನ ಬಸ್ಸಿನ ಮೆಟ್ಟಿಲ ಬಳಿ ಒಬ್ಬ ಹೆಂಗಸು. ಒಂದು ಕೈಯಲ್ಲಿ ಕಾಯಿಪಲ್ಯೆ ಚೀಲ, ಇನ್ನೊಂದರಲ್ಲಿ ಬಾಗಿಲ ಕಂಬಿ. ನೋಯುವ ಮೊಣಕಾಲು ಮೇಲೇಳುತ್ತಿಲ್ಲ.

"ಲಗೂ ಹತ್ರಿ ಅಮ್ಮಾರ!" ಹಿಂದಿನಿಂದ ಯಾರೋ ಕೂಗಿದರು.

ಆ ಹೆಂಗಸು ಗಂಗವ್ವ.

ಅವರು ಹೇಗೋ ಹತ್ತಿಕೊಂಡರು, ಬಸ್ಸು ಹೊರಟುಹೋಯಿತು. ಮುರಿಗೆಪ್ಪ ತಮ್ಮ ಪಕ್ಕದ ಖಾಲಿ ಸೀಟನ್ನು ನೋಡಿದರು...

ಅಂಗಡಿಗೆ ಹೋಗಲಿಲ್ಲ. ಕಾರನ್ನು ಬಾಲ್ಯದ ಗೆಳೆಯ ದಾವಲಸಾಬರ ಗ್ಯಾರೇಜಿಗೆ ತಿರುಗಿಸಿದರು.

"ದಾವಲ, ಈ ಎಡಕ್ಕ ಎಳಿಯೂದು ಇವತ್ತ ಹೋಗಬೇಕು."

"ಲೇ ಮುರಿಗ್ಯಾ, ರ್‍ಯಾಲಿಗೆ ಅಲೈನ್‌ಮೆಂಟ್ ಮಾಡೋವಾಗ ಏನ ಕೇಳಿದ್ದೆ ನಾನು? ಬಾಜೂ ಸೀಟಿನ್ಯಾಗ ಯಾರ ಕೂಡ್ತಾರ ಅಂತ!"

ನೆನಪಾಯಿತು. ಸೀಟಿನಲ್ಲಿ ಕೂರುವವರ ತೂಕದಷ್ಟು ಉಸುಕಿನ ಚೀಲ ಇಟ್ಟೇ ಚಕ್ರ ಹೊಂದಿಸುವುದು ದಾವಲಸಾಬರ ಪದ್ಧತಿ. ಹಳೆಯ ಕಾರಿನಲ್ಲಿ ತೂಕ ಬಿದ್ದ ಬದಿ ಸ್ವಲ್ಪ ತಗ್ಗುತ್ತದೆ. ಆಗ ಚಕ್ರದ ವಾಲು ಬದಲಾಗುತ್ತದೆ.

ರ್‍ಯಾಲಿಯ ಗುಂಗಿನಲ್ಲಿ ಅಂದು ಮುರಿಗೆಪ್ಪ ಹೇಳಿದ್ದರು: "ಯಾರೂ ಇಲ್ಲಪಾ... ನಾ ಒಬ್ಬನ."

ಗಂಗವ್ವ ಕುಳಿತದ್ದು ತಪ್ಪಾಗಿರಲಿಲ್ಲ. ಆಕೆ ಇಲ್ಲವೇ ಇಲ್ಲ ಎಂದುಕೊಂಡು ಕಾರನ್ನು ನೇರ ಮಾಡಲಾಗಿತ್ತು.

ಈ ಸಲ ದಾವಲಸಾಬರು ಪಕ್ಕದ ಸೀಟಿಗೆಂದು ಎರಡನೆಯ ಉಸುಕಿನ ಚೀಲಕ್ಕೆ ಕೈ ಹಾಕಿದರು.

"ತಡಿ. ಚೀಲ ಬ್ಯಾಡ. ಅಕಿನ್ನ ಕರಕೊಂಡ ಬರ್ತೀನಿ."

ಗ್ಯಾರೇಜಿಗೆ ಬಂದ ಗಂಗವ್ವ ಬಾಗಿಲಲ್ಲೇ ನಿಂತರು. "ಈಗೇನು, ಇಲ್ಲೂ ನನ್ನ ಹೆಸರ ಹೇಳಿ ನಗಸೋರೇನು?"

ಮುರಿಗೆಪ್ಪ ಕಾರಿನ ಬಾಗಿಲು ತೆರೆದು ಹಿಡಿದರು. "ಇಲ್ಲ ಗಂಗಾ. ತಪ್ಪು ನಂದು. ನೀ ಕುಂತಿದ್ದಂಗನ ಗಾಡಿ ಸರಿ ಆಗಬೇಕು."

ಇಬ್ಬರೂ ಸೀಟಿನಲ್ಲಿ ಕುಳಿತರು. ದಾವಲಸಾಬರು ಕಾರಿನ ಅಡಿಯಿಂದಲೇ ಕೂಗಿದರು: "ವೈನಿ, ಅಳ್ಳಾಡಬ್ಯಾಡ್ರಿ!"

"ಲಗ್ನಾದಾಗಿಂದ ಅಳ್ಳಾಡದ ಕುಂತೀನಿ. ನಿಮ್ಮ ಕೆಲಸ ನೀವು ಮಾಡ್ರಿ!"

ಸಂಜೆ ಗೋಕುಲ ರಸ್ತೆಯಲ್ಲಿ ಮುರಿಗೆಪ್ಪ ಸ್ಟೀರಿಂಗ್ ಮೇಲಿನ ಹಿಡಿತ ಸಡಿಲಿಸಿದರು. ಕಾರು ನೇರ ಹೋಯಿತು. ಗಂಗವ್ವ ಕಿಟಕಿಯ ಕಡೆ ಮುಖ ಮಾಡಿ ಸೆರಗಿನಿಂದ ಕಣ್ಣೊರೆಸಿಕೊಂಡರು...

ಮರುದಿನ ಮುರಿಗೆಪ್ಪ ಒಬ್ಬರೇ ಅಂಗಡಿಗೆ ಹೋದರು. ಕಾರು ನಿಲ್ಲಿಸಿ ಮನೆಗೆ ಫೋನ್ ಮಾಡಿದರು.

"ಗಂಗಾ, ಈಗ ನೀ ಇಲ್ಲಂದ್ರ ಗಾಡಿ ಬಲಕ್ಕ ಎಳೀತೈತಿ."

"ಹಂಗಾರ ದಾವಲಸಾಬರಿಗೆ ಮತ್ತ ತೋರಸ್ರಿ."

"ಬ್ಯಾಡ... ಹಿಂಗ ಇರಲಿ."

ಆ ಕಡೆಯಿಂದ ಗಂಗವ್ವ ಅಂದರು:

"ನಾಳೆ ಕಾಯಿಪಲ್ಯೆ ತರಾಕ ಹೋಗಬೇಕು. ನನ್ನ ಕರಕೊಂಡ ಹೋಗ್ರಿ."

ನಾವೊಬ್ಬರೇ ಎಂದುಕೊಂಡು ಬದುಕನ್ನು ಹೊಂದಿಸಿಕೊಂಡರೆ, ಪಕ್ಕದಲ್ಲಿ ಕುಳಿತವರು ಭಾರವಾಗಿಯೇ ಕಾಣುತ್ತಾರೆ.

ನಿಮ್ಮ ಪಕ್ಕದ ಸೀಟು ಈಚೆಗೆ ಯಾಕೆ ಖಾಲಿ ಇದೆ... ಎಂದಾದರೂ ಕೇಳಿಕೊಂಡಿದ್ದೀರಾ?