ನೆಟ್ಸ್ ಬೌಲರ್

“ನೀನೆಂಥ ಆಲ್‌ರೌಂಡರೋ? ಅರ್ಧ ಬ್ಯಾಟ್ಸ್‌ಮನ್ನು, ಅರ್ಧ ಬೌಲರು. ಎರಡೂ ಕೂಡಿಸಿದ್ರೂ ಒಬ್ಬ ಆಗಲ್ಲ,” ಎಂದು ಭಾವ ಕ್ರೀಸಿನಲ್ಲಿ ನಿಂತೇ ಹೇಳಿದ. ಕೀಪರ್ ಕೂಡ ಕಿಸಕ್ಕನೆ ನಕ್ಕ. ಉಳಿದಿದ್ದು ಕೊನೆಯ ಚೆಂಡು, ಭಾವನ ತಂಡ ಗೆಲ್ಲಲು ಬೇಕಿದ್ದುದು ಎರಡು ರನ್.

ಭಾವಮೈದುನ ಚೆಂಡನ್ನು ಪ್ಯಾಂಟಿಗೆ ತಿಕ್ಕಿದ. ಹೋದ ವರ್ಷದವರೆಗೂ ಅವನು ಭಾವನ ತಂಡದಲ್ಲೇ ಇದ್ದ. ಪಂದ್ಯದಲ್ಲಿ ನಾಯಕ ಭಾವ ಅವನನ್ನು ಬಾಲಂಗೋಚಿಗಳ ಜೊತೆ ಬ್ಯಾಟಿಂಗಿಗೆ ಇಳಿಸುತ್ತಿದ್ದ, ಒಂದು ಓವರನ್ನೂ ಕೊಡುತ್ತಿರಲಿಲ್ಲ. ಸಂಜೆ ಅಭ್ಯಾಸಕ್ಕೆಂದು ನೆಟ್ಸ್‌ನಲ್ಲಿ ಮಾತ್ರ “ಮನೆಯವನಲ್ವೇನೋ, ಹಾಕು” ಎಂದು ತೋಳು ಬಿದ್ದುಹೋಗುವಷ್ಟು ಬೌಲಿಂಗ್ ಮಾಡಿಸಿಕೊಳ್ಳುತ್ತಿದ್ದ. ಭಾವನ ಎಡಗಾಲು ಏಳುವುದು ಒಂಚೂರು ತಡ ಎಂಬುದು ಅವನಿಗೆ ತಿಳಿದದ್ದು ಅಲ್ಲೇ. ಇವತ್ತು ಎದುರಾಳಿ ತಂಡದ ಪರ ಮೊದಲಿಗನಾಗಿ ಇಳಿದು ಅರವತ್ತು ರನ್ ಹೊಡೆದಾಗಿತ್ತು. ಅರ್ಧ ಸೇಡು ತೀರಿತ್ತು.

ಅವನು ಓಡಿ ಬಂದ. ಚೆಂಡು ನೇರ ಭಾವನ ಎಡ ಬೂಟಿನ ಬುಡಕ್ಕೇ ಬಿತ್ತು. ಬ್ಯಾಟು ಕೆಳಗಿಳಿಯುವಷ್ಟರಲ್ಲಿ ನಡುವಿನ ಸ್ಟಂಪು ಹಿಂದಕ್ಕೆ ಮಲಗಿತ್ತು.

“ನೆಟ್ಸಲ್ಲಿ ಈ ಬಾಲು ಒಂದಿನಾನೂ ಹಾಕಿರ್ಲಿಲ್ವಲ್ಲೋ,” ಎಂದ ಭಾವ, ಬಿದ್ದ ಸ್ಟಂಪನ್ನೇ ನೋಡುತ್ತ.

“ನಿಮಗೇ ಅಂತ ಎತ್ತಿಟ್ಟಿದ್ದೆ ಭಾವ.”

ಭಾವ ಗ್ಲೌಸ್ ಬಿಚ್ಚಿ ಕೈ ಚಾಚುವ ಹೊತ್ತಿಗೆ, ಅವನು ಅಂಪೈರ್ ಹತ್ತಿರ ತನ್ನ ಟೋಪಿ ಇಸಿದುಕೊಂಡು ಹೊರಟುಬಿಟ್ಟಿದ್ದ.