ಎಕ್ಸ್‌ರೇ ನಕ್ಷತ್ರಗಳು

ಟೈಲರಮ್ಮ ಎಂಟನೆಯ ನಕ್ಷತ್ರ ಕತ್ತರಿಸಿ ಮುಗಿಸುವ ಹೊತ್ತಿಗೆ ಒಳಗೆ ಬಂದ ಗಂಡ, ಮೇಜಿನ ಮೇಲಿನ ಕಪ್ಪು ಚೂರುಗಳನ್ನು ಕಂಡು ಚಪ್ಪಲಿ ಬಿಡುವುದನ್ನೂ ಮರೆತು ನಿಂತುಬಿಟ್ಟ.

"ಹಬ್ಬಕ್ಕೆ ಕಿಟಕಿಗೆ ಕಟ್ಟೋಕೆ ರೀ," ಎಂದಳು ಅವಳು. "ಬೀರು ಮೇಲಿದ್ದ ಹಳೇ ಎಕ್ಸ್‌ರೇಗಳು. ನಿಮ್ಮಮ್ಮನ ಸೊಂಟದಲ್ಲೇ ಐದು ನಕ್ಷತ್ರ ಬಂತು. ಇದ್ದಾಗ ಹುಲ್ಲುಕಡ್ಡಿ ಎತ್ತೋಕೂ ಬಗ್ಗದ ಸೊಂಟ, ಈಗಲಾದ್ರೂ ಉಪಯೋಗಕ್ಕೆ ಬಂತು. ಸಾಲಲಿಲ್ಲ ಅಂತ ಬೀರು ಒಳಗೆ ನಿಮ್ಮ ಸ್ವೆಟರ್ ಅಡಿ ಇದ್ದದ್ದನ್ನೂ ತಗೊಂಡೆ."

ಗಂಡ ನಗಲಿಲ್ಲ. "ಅದು ಆಫೀಸಿನವನೊಬ್ಬನದ್ದು ಕಣೇ. ಇಟ್ಕೊಂಡಿರು ಅಂತ ಕೊಟ್ಟಿದ್ದ."

"ಎದೆ ಎಕ್ಸ್‌ರೇನ ಯಾರಾದ್ರೂ ಕೈಗಡ ಕೊಡ್ತಾರಾ?"

ಅವನು ಚೂರುಗಳನ್ನು ಹೆಕ್ಕತೊಡಗಿದ. ಟೈಲರಮ್ಮ ಅವನ್ನು ಕಸಿದುಕೊಂಡು, ಬೇರೆಬೇರೆಯಾದ ಬಟ್ಟೆಯ ತುಂಡುಗಳನ್ನು ಹೊಂದಿಸುವಂತೆ ಅಂಚಿಗೆ ಅಂಚು ಕೂಡಿಸುತ್ತ ಹೋದಳು. ಪಕ್ಕೆಲುಬು ಸೇರಿದವು, ಭುಜಗಳು ಸೇರಿದವು. ಅವಳ ಬೆರಳು ಒಂದು ಭುಜದ ಮೇಲೆ ನಿಂತಿತು.

"ಈ ಭುಜ ಅರ್ಧ ಇಂಚು ಇಳಿದಿದೆ," ಎಂದಳು ಮೆಲ್ಲಗೆ. "ಮೂವತ್ತು ವರ್ಷದಿಂದ ನಿಮ್ಮ ಪ್ರತಿ ಅಂಗಿಯಲ್ಲೂ ನಾನು ಮುಚ್ಚಿಡ್ತಾ ಬಂದಿರೋ ಇಳಿಜಾರು ಇದು. ಡಾಕ್ಟ್ರು ಏನಂದ್ರು, ಹೇಳಿ."