ಹ್ಯಾಂಡಲ್ ಹಿಡಿದ ಕೈ

ಟ್ರ್ಯಾಕ್ಟರ್ ಮತ್ತೆ ಢಂ ಎಂದಿತು. ಶೆಡ್ಡಿನ ತಗಡು ಅದುರಿತು, ಕೋಳಿಗಳು ದಿಕ್ಕಾಪಾಲಾದವು, ಎಂಜಿನ್ ಮಾತ್ರ ಹತ್ತಿಕೊಳ್ಳಲಿಲ್ಲ.

“ನೋಡಿದೆಯಾ? ದಿನಾ ಇದೇ ಗೋಳು,” ಸೀಟಿನ ಮೇಲಿಂದ ಭಾವ ಕೂಗಿದ. “ಗಾಡಿ ಚಿನ್ನದಂಥದ್ದು ಕಣಯ್ಯಾ. ನಿಮ್ಮಕ್ಕನ ಕೈಯಲ್ಲೇ ಕಸುವಿಲ್ಲ.”

ಮುಂದೆ ಎಡಗೈಯಲ್ಲಿ ಹ್ಯಾಂಡಲ್ ತಿರುಗಿಸುತ್ತಿದ್ದ ಅಕ್ಕ ಮುಖ ಒರೆಸಿಕೊಂಡು ಒಳಗೆ ಹೋದಳು. ಅದು ತಾತನ ಕಾಲದ ಟ್ರ್ಯಾಕ್ಟರ್. ಕೀಲಿ ತಿರುವಿದರೆ ಸ್ಟಾರ್ಟ್ ಆಗುವ ಜಾತಿಯದಲ್ಲ. ಒಬ್ಬರು ಮುಂದೆ ನಿಂತು ಬಗ್ಗಿ ಕಬ್ಬಿಣದ ಹ್ಯಾಂಡಲ್ ತಿರುಗಿಸಬೇಕು, ಇನ್ನೊಬ್ಬರು ಮೇಲೆ ಕೂತು ಆಕ್ಸಿಲರೇಟರ್ ನೋಡಿಕೊಳ್ಳಬೇಕು. ಮದುವೆಯಾದಾಗಿನಿಂದ ಮೇಲೆ ಭಾವ, ಮುಂದೆ ಅಕ್ಕ. ಹಾಗೆಂದು ಯಾರೂ ತೀರ್ಮಾನ ಮಾಡಿರಲಿಲ್ಲ, ಆಗಿಹೋಗಿತ್ತು.

ಅಕ್ಕನ ತಮ್ಮ ಮೆಕ್ಯಾನಿಕ್, ಗ್ಯಾರೇಜಿಗೆ ರಜೆ ಹಾಕಿ ಟ್ರ್ಯಾಕ್ಟರ್ ನೋಡಲು ಬಂದಿದ್ದ. ಪೆಟ್ರೋಲ್ ಸರಿಯಾಗಿ ಇಳಿಯುತ್ತಿತ್ತು. ಕಾರ್ಬುರೇಟರ್ ಬಿಚ್ಚಿ ಊದಿದ, ಕಸವಿರಲಿಲ್ಲ. ಪ್ಲಗ್ಗುಗಳನ್ನು ಉಜ್ಜಿ ನೋಡಿದ, ಕಿಡಿ ಚೆನ್ನಾಗಿತ್ತು. ವೈರುಗಳೂ ಅವುಗಳ ಜಾಗದಲ್ಲೇ ಇದ್ದವು. ಅಷ್ಟೂ ಹೊತ್ತು ಭಾವ ಪಕ್ಕದಲ್ಲಿ ನಿಂತು, ಇಂಥ ಗಾಡಿ ಈಗ ದುಡ್ಡು ಸುರಿದರೂ ಸಿಗಲ್ಲ ಎಂದು ಕೊರೆಯುತ್ತಿದ್ದ.

ಅಕ್ಕ ಟೀ ತಂದು ತಮ್ಮನ ಮುಂದೆ ಲೋಟ ಚಾಚಿದಳು.

“ಎಡಗೈಲಿ ಕೊಡ್ತೀಯಾ?” ಭಾವ ಗದರಿದ. “ಬಂದವರಿಗೆ ಹೀಗಾ ಕೊಡೋದು?”

ಅವಳ ಬಲ ಮಣಿಕಟ್ಟಿಗೆ ಸುತ್ತಿದ್ದ ಬಟ್ಟೆಯನ್ನು ತಮ್ಮ ಆಗ ನೋಡಿದ. ಬಟ್ಟೆಯ ಅಂಚಿನಲ್ಲಿ ಚರ್ಮ ಊದಿಕೊಂಡು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

“ಹ್ಯಾಂಡಲ್ ಒದೀತು,” ಎಂದಳು ಅಕ್ಕ, ಅವನು ಕೇಳುವ ಮೊದಲೇ.

“ಹ್ಯಾಂಡಲ್ ಎಲ್ಲಾದ್ರೂ ಒದೆಯುತ್ತಾ? ಹಿಡಿಯೋಕೆ ಬರಲ್ಲ ಅನ್ನು.”

ತಮ್ಮ ಟೀ ಪಕ್ಕಕ್ಕಿಟ್ಟ. “ಭಾವ, ಕಿಡಿ ಹಾರೋ ಟೈಮಿಂಗ್ ಯಾರಾದ್ರೂ ಮುಟ್ಟಿದ್ರಾ?”

“ನಾನೇ! ಡಿಸ್ಟ್ರಿಬ್ಯೂಟರನ್ನ ಒಂದಿಷ್ಟು ತಿರುವಿಟ್ಟೆ. ಏರಿನಲ್ಲಿ ಈಗ ಏನು ಎಳೆಯುತ್ತೆ ಗೊತ್ತಾ?”

ತಮ್ಮನಿಗೆ ಎಲ್ಲ ಅರ್ಥವಾಯಿತು. ಕಿಡಿ ಹೊತ್ತಿಗೆ ಮುಂಚೆಯೇ ಹಾರುತ್ತಿತ್ತು. ಅದಕ್ಕೇ ಆ ಢಂ, ಅದಕ್ಕೇ ಹ್ಯಾಂಡಲ್ ಉಲ್ಟಾ ತಿರುಗಿ ಕೈಗೆ ಬಡಿಯುತ್ತಿತ್ತು. ಒಂದು ಬೋಲ್ಟ್ ಸಡಿಲಿಸಿ ಡಿಸ್ಟ್ರಿಬ್ಯೂಟರನ್ನು ಮೊದಲಿನ ಜಾಗಕ್ಕೆ ತಂದರೆ ಮುಗಿಯಿತು. ಸ್ಪ್ಯಾನರ್ ಕೈಗೆತ್ತಿಕೊಂಡ. ಅಕ್ಕನ ಮಣಿಕಟ್ಟು ಮತ್ತೆ ಕಣ್ಣಿಗೆ ಬಿತ್ತು. ಸ್ಪ್ಯಾನರ್ ಕೆಳಗಿಟ್ಟ.

“ಅಕ್ಕ, ನೀನು ಮೇಲೆ ಕೂತ್ಕೋ. ಭಾವ, ನೀವು ಒಂದು ಸಲ ತಿರುಗಿಸಿ.”

“ಗಂಡಸು ತಿರುಗಿಸಿದರೆ ಹೇಗಿರುತ್ತೆ ನೋಡು,” ಎಂದು ಭಾವ ತೋಳೇರಿಸಿದ.

“ಹೆಬ್ಬೆರಳು ಸುತ್ತಿ ಹಿಡೀಬೇಡಿ. ನಿಜವಾಗ್ಲೂ ಒದೆಯುತ್ತೆ.”

“ನನಗೇ ಪಾಠ ಹೇಳ್ತೀಯಾ?”

ಢಂ! ಹ್ಯಾಂಡಲ್ ಹಿಂದಕ್ಕೆ ತಿರುಗಿ ಬಡಿಯಿತು. ಭಾವ ಬಲಗೈಯನ್ನು ತೊಡೆಗಳ ನಡುವೆ ಒತ್ತಿ ಹಿಡಿದು ಮಣ್ಣಿನಲ್ಲಿ ಕುಕ್ಕರಿಸಿದ.

“ಇದು ಒದೆಯುತ್ತೆ!” ಎಂದ, ಜಗತ್ತಿನಲ್ಲಿ ತಾನೇ ಮೊದಲು ಕಂಡುಹಿಡಿದವನ ಹಾಗೆ.

ಸೀಟಿನ ಮೇಲಿದ್ದ ಅಕ್ಕ ಮಣಿಕಟ್ಟಿನ ಬಟ್ಟೆ ಬಿಗಿ ಮಾಡಿಕೊಂಡಳು.

ತಮ್ಮ ಭಾವನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿದ, ಮುರಿದಿರಲಿಲ್ಲ. ಮನಸ್ಸು ನಿರಾಳವಾಯಿತು, ಒಳಗೊಳಗೇ ನಾಚಿಕೆಯೂ ಆಯಿತು. ಆಮೇಲೆ ಬೋಲ್ಟ್ ಸಡಿಲಿಸಿ, ಡಿಸ್ಟ್ರಿಬ್ಯೂಟರ್ ಹಿಂದಕ್ಕೆ ಸರಿಸಿ, ಬಿಗಿ ಮಾಡಿ, ತಾನೇ ಹ್ಯಾಂಡಲ್ ಹಿಡಿದು ಮೇಲಕ್ಕೆಳೆದ. ಅರ್ಧ ಸುತ್ತಿಗೇ ಎಂಜಿನ್ ಹತ್ತಿಕೊಂಡು ಒಂದೇ ಸಮನೆ ಓಡತೊಡಗಿತು. ಕೋಳಿಗಳು ವಾಪಸ್ಸು ಬಂದವು.

ಅಕ್ಕ ಎಂಜಿನ್ ಆರಿಸಿ ಇಳಿದಳು. ಮೊದಲಿನ ಟೀ ಆರಿಹೋಗಿತ್ತು, ಮತ್ತೆ ಕಾಯಿಸಿ ತಂದಳು. ಶೆಡ್ಡಿನ ಗೋಡೆಗೆ ಒರಗಿ ಕೂತಿದ್ದ ಭಾವ ಲೋಟಕ್ಕೆ ಎಡಗೈ ಚಾಚಿದ.

ಅಕ್ಕ ಕೊಡಲಿಲ್ಲ. ಲೋಟವನ್ನು ತನ್ನ ಎಡಗೈಯಲ್ಲೇ ಹಿಡಿದು ನಿಂತಳು.

“ಯಾಕೆ,” ಎಂದು ಮೆಲ್ಲಗೆ ಕೇಳಿದಳು, “ಬಲಗೈಗೆ ಏನಾಯ್ತು?”